ಆರು ಹನ್ನೆರಡು

ದುರ್ಗಿಗುಡಿಯ ಸಹಕಾರಿ ಬ್ಯಾಂಕಿನ ಮಹಡಿಯಲ್ಲಿ
ಸರ್ವರ್ ಕೋಣೆ ಅಂದರೆ
ಹಳೇ ಲೆಡ್ಜರುಗಳು ಒತ್ತರಿಸಿ ಬಿಟ್ಟುಕೊಟ್ಟ ಒಂದು ಗೂಡು.
ಮೆಟ್ಟಿಲು ಹತ್ತಿ ಬಂದವಳು ಮನುಷ್ಯರನ್ನು ವಿಚಾರಿಸುವುದಿಲ್ಲ ನಾನು,
ಮೊದಲು ಲಾಗು.

ಅದು ಎಲ್ಲ ಬರೆದಿಡುತ್ತದೆ.
ಯಾರು ಒಳಬಂದರು, ಯಾರ ಪಾಸ್‌ವರ್ಡು ಮೂರು ಸಲ ತಪ್ಪಿತು,
ಪ್ರಿಂಟರು ಮುನಿಸಿಕೊಂಡದ್ದು ಎಷ್ಟು ಗಂಟೆಗೆ,
ಗಡಿಯಾರ ಅರ್ಧ ಸೆಕೆಂಡು ಹಿಂದೆ ಬಿದ್ದು
ತನ್ನನ್ನು ತಾನೇ ತಿದ್ದಿಕೊಂಡದ್ದು.
ನೀಲಿ ಅಂದರೆ ಸುಮ್ಮನೆ ತಿಳಿದಿರಲಿ,
ಹಳದಿ ಅಂದರೆ ಹುಷಾರು,
ಕೆಂಪು ಅಂದರೆ ನನ್ನ ಫೋನು.

ಸೋಮವಾರದಿಂದ ದಿನಾ ಒಂದು ಕೆಂಪು.
ಬೆಳಿಗ್ಗೆ ಆರು ಹನ್ನೆರಡು, ಆಚೀಚೆ ಒಂದು ನಿಮಿಷ:
ಯಂತ್ರ ನಿಂತದ್ದು ಅನಿರೀಕ್ಷಿತ.
ಕಾರಣ, ಖಾಲಿ.

ಇದು ಬೀಳುವಾಗ ಬರೆದದ್ದಲ್ಲ.
ಬೀಳುತ್ತಿರುವವರು ಏನು ಬರೆದಾರು?
ಎದ್ದ ಮೇಲೆ ಮೈ ತಡವಿಕೊಂಡು,
ಕೊನೆಗೆ ನೆನಪಿದ್ದ ಗಳಿಗೆಗೂ ಈಗಕ್ಕೂ ನಡುವೆ
ಬೆರಳು ಹಾಯುವಷ್ಟು ತೂತು ಕಂಡು
ಬರೆದದ್ದು.

ಶುಕ್ರವಾರ ಐದೂಮುಕ್ಕಾಲಿಗೇ ಬಂದು ಕೂತೆ.
ಹೊಳೆ ಕಡೆಯಿಂದ ಥಂಡಿ. ಮೊದಲ ಸಿಟಿ ಬಸ್ಸಿನ ಹಾರ್ನು.
ಹಾಲಮ್ಮ ಬಂದರು, ಕಸಬರಿಗೆ ಮೂಲೆಗಿಟ್ಟರು,
ಸೀದಾ ಯುಪಿಎಸ್ ಹತ್ತಿರ ಬಗ್ಗಿ ಪ್ಲಗ್ ಕಿತ್ತು
ಕೆಟಲ್ಲು ಸಿಕ್ಕಿಸಿದರು.
(ಯುಪಿಎಸ್ಸಿನ ಬ್ಯಾಟರಿ ಸತ್ತು ವರ್ಷವಾಯಿತು.
ಅದು ಯಾವ ಲಾಗಿನಲ್ಲೂ ಇಲ್ಲ, ನನಗೆ ಗೊತ್ತು.)
ಫ್ಯಾನುಗಳ ಸದ್ದು ಇಳಿದು ಇಳಿದು
ಕೋಣೆಗೆ ಮೊದಲ ಸಲ ಗುಬ್ಬಿ ಕೇಳಿಸಿತು.

"ಚಾ ಕುಡಿತೀರಾ ಮೇಡಂ?"

ಕುಡಿದೆ. ಶುಂಠಿ ಜಾಸ್ತಿ.
"ಗ್ಯಾಸು ಮುಗಿದು ಸೋಮಾರದಿಂದ ಇದೇ ಗತಿ.
ಪ್ಯಾಸೇಜಿನ ಪ್ಲಗ್ಗು ಸುಟ್ಟು ಕರಕಾಗೈತೆ.
ಯುಗಾದಿಗೆ ಮುಂಚೆ ಹೇಳಿದ್ದೆ ಮ್ಯಾನೇಜರಿಗೆ.
ಆಮೇಲೊಂದು ಸಲ ಹೇಳಿದೆ. ಆಮೇಲೆ ಬಿಟ್ಟೆ."

ಪ್ರಿಂಟರಿನ ಮುನಿಸಿಗೆ ನಂಬರಿದೆ, ಸೆಕೆಂಡಿದೆ.

ಆರು ಹತ್ತೊಂಬತ್ತಕ್ಕೆ ಯಂತ್ರ ಎದ್ದಿತು.
ಒಳಗೆ ಹೋದವಳನ್ನು ತಡೆದು ಕೇಳಿತು:
ನಿಂತದ್ದು ಯಾಕೆ, ಆರಿಸಿ.
ಯಂತ್ರಾಂಶ, ತಂತ್ರಾಂಶ, ವಿದ್ಯುತ್ತು, ಇತರೆ.
ಇತರೆ ಒತ್ತಿ ಬರೆದೆ:
ಹಾಲಮ್ಮ ಯುಗಾದಿಗೆ ಮುಂಚೆಯೇ ಹೇಳಿದ್ದರು.

ಓದಿ ಹೇಳಿದೆ ಅವರಿಗೆ.
ಸೆರಗಲ್ಲಿ ಕೈ ಒರೆಸಿಕೊಂಡು ಪರದೆಯ ಹತ್ತಿರ ಬಂದರು.
"ಅದು ಅಲ್ಲೇ ಇರ್ತದಾ?"
ಇರುತ್ತೆ, ಲಾಗು ತುಂಬೋವರೆಗೆ.
ತುಂಬಿದರೆ ಹಳೇದನ್ನ ಅಳಿಸಿ ಅಲ್ಲೇ ಹೊಸದು.
ಹೆಚ್ಚಂದ್ರೆ ಇಪ್ಪತ್ತು ದಿನ.

ಲೋಟ ತೊಳೆಯುತ್ತಾ ಅವರು ಲೆಕ್ಕ ಹಾಕಿದರು.
"ಅಷ್ಟರೊಳಗೆ ಒಂದು ಪ್ಲಗ್ ಹಾಕ್ಸೋಕ್ ಆಗಲ್ವಾ?"