ಬೆಡಗು ಯಾವುದು

ಗರಿ ಸಿಕ್ಕಿದ್ದು ತಿಕ್ಕಯ್ಯನಿಗೆ,
ಸಿರುಗುಪ್ಪದ ಆಚೆ, ಕಾಲುವೆ ಇನ್ನೂ ಮುಟ್ಟದ ಎರೆಯಲ್ಲಿ,
ಕಡಲೆ ಕಿತ್ತು ಖಾಲಿಯಾದ ಹೊಲದ ಬದುವಿನ ಮೇಲೆ.
ಬೀಡಿ ಆರಿಸಿ, ಕೈ ಒರೆಸಿಕೊಂಡು,
ಹೇಳಿಕೊಟ್ಟ ಹಾಗೇ ಕಾಗದದ ಲಕೋಟೆಯಲ್ಲಿಟ್ಟು
ಮೇಲೆ ಬರೆದಿದ್ದ:
‘ಎರೆಭೂತ. ಹೆಣ್ಣು ಇರಬೇಕು. ಮಂಗಳವಾರ.’

ಭೂತವೇ ಸರಿ.
ನಿಂತರೆ ಆಳಿನ ಸೊಂಟದೆತ್ತರದ ಹಕ್ಕಿ,
ಮೂರು ತಿಂಗಳು ಅಲೆದರೂ ನಾನು ಒಮ್ಮೆಯೂ ಕಂಡಿಲ್ಲ.
ಈ ಸೀಮೆಯಲ್ಲಿ ಉಳಿದವನ್ನು ಎಣಿಸಲು ಒಂದು ಕೈ ಸಾಕು,
ಕೆಲವು ವರ್ಷ ಬೆರಳು ಮಿಕ್ಕುತ್ತವೆ.

ಮಡಿಲಲ್ಲಿ ಐಸಿನ ಡಬ್ಬಿ, ಬಸ್ಸಿನ ಕಿಟಕಿ.
ತುಂಗಭದ್ರೆ, ಸಿಂಧನೂರು, ಮಾನ್ವಿ, ರಾಯಚೂರು.
ಪಕ್ಕದ ಮುದುಕಿ ಕೇಳಿದಳು, ‘ಏನ್ ತಂಗಿ, ಮೀನಾ?’
‘ಇಲ್ಲಬೇ, ಒಂದು ಪುಕ್ಕ.’
ಆಕೆ ಸ್ವಲ್ಪ ಸರಿದು ಕೂತಳು.

ಗರಿಯ ದಂಟು ಸೀಳಿದರೆ ಒಳಗೆ
ಸಾಸಿವೆಯಷ್ಟು ಒಣನೆತ್ತರು.
ಮೊದಲ ಸಲ ಅದರಿಂದ ಏನೂ ಹೊರಡಲಿಲ್ಲ.
ನಲವತ್ತಮೂರು ಡಿಗ್ರಿ. ನಮ್ಮ ಬಿಸಿಲು
ಬಂಡೆಯನ್ನಷ್ಟೇ ಅಲ್ಲ, ಅಕ್ಷರವನ್ನೂ ಸೀಳುತ್ತದೆ.
ಎರಡನೇ ಸಲ ಬಂತು,
ಬರೀ ನುಚ್ಚಾಗಿ.

ನುಚ್ಚು ನನಗೆ ಗೊತ್ತು.
ಅಪ್ಪ ಕಾರಟಗಿಯ ಅಕ್ಕಿ ಮಿಲ್ಲಿನಲ್ಲಿ ಹಮಾಲ;
ಜರಡಿಯ ಕೆಳಗೆ ಬಿದ್ದದ್ದು ನಮ್ಮ ಪಾಲು,
ಅದನ್ನೇ ಉಂಡು ಎಂ.ಎಸ್ಸಿ. ಮುಗಿಸಿದೆ.
ಈಗ ನೂರೈವತ್ತು ಅಕ್ಷರದ ಒಂದೊಂದು ನುಚ್ಚನ್ನೂ
ಇನ್ನೊಂದರ ಅಂಚಿಗೆ ಹಚ್ಚಿ ಹಚ್ಚಿ ನೋಡುತ್ತ
ಮತ್ತೆ ಇಡೀ ಕಾಳು ಕಟ್ಟಬೇಕು.
ಇರುವುದು ನಾಲ್ಕೇ ಅಕ್ಷರ, ಕಾಗುಣಿತವಿಲ್ಲ, ಒತ್ತಿಲ್ಲ,
ಉದ್ದ ಮಾತ್ರ ನೂರು ಕೋಟಿಗೂ ಮೇಲೆ.

ಇದೇ ಯಂತ್ರದಲ್ಲಿ ಹೋದ ಯುಗಾದಿಗೆ ಸೋನಾ ಮಸೂರಿ ಓದಿದ್ದೆವು.
ಯಾವ ಭತ್ತಕ್ಕೆಂದು ಎರೆಗೆ ನೀರು ಹರಿಯಿತೋ,
ಹಕ್ಕಿ ಮೊಟ್ಟೆಯಿಡುವ ಬರಿನೆಲ ಕೆಸರಾಯಿತೋ,
ಅಪ್ಪನ ಹೆಗಲ ಮೇಲೆ ಏರಿತೋ, ಆ ಭತ್ತ.
ಇನಾಮದಾರ್ ಸರ್ ಮುಂದೆ ಇದನ್ನು ಅಂದೆ.
ಅವರು ಕನ್ನಡಕ ಒರೆಸಿಕೊಂಡು,
‘ಬಫರ್ ತೀರಿದೆ, ಆರ್ಡರ್ ಹಾಕು’ ಎಂದರು.

ನಾಡಿಗೆಲ್ಲ ಕರೆಂಟು ಕಾಯಿಸಿ ಕಳಿಸುವ ಊರಲ್ಲಿ
ಎರಡು ಸಲ ಕರೆಂಟು ಹೋಗಿ,
ಹನ್ನೊಂದನೆಯ ರಾತ್ರಿ ಪರದೆ ತುಂಬಿತು.
ಅಪ್ಪನದೊಂದು ಸಾಲು, ಅವ್ವನದೊಂದು;
ಅಲ್ಲಲ್ಲಿ ಅವು ಬೇರೆಯಾಗಬೇಕು, ತಕರಾರು ತೆಗೆಯಬೇಕು.
ಇವಳಲ್ಲಿ ಮೈಲಿಗಟ್ಟಲೆ
ಎರಡೂ ಒಂದೇ. ಒಂದೇ. ಒಂದೇ.

ತಿಕ್ಕಯ್ಯನಿಗೆ ಹೇಳಬೇಕಿತ್ತು, ಗರಿ ಅವನದು.
ಜಾಲಿಯ ಅರೆನೆರಳಲ್ಲಿ ಕೂತು ಕಡ್ಡಿಯಿಂದ ನೆಲ ಗೀಚಿ
ವೈವಿಧ್ಯ ಅಂದೆ, ಸಮಯುಗ್ಮಜ ಅಂದೆ, ಬೆವರಿದೆ.
‘ಬೆಡಗು ಒಂದೇ ಅಂತೀಯೇನು ಹಂಪಮ್ಮ?’
ನನ್ನ ಇಪ್ಪತ್ತು ಪುಟದ ವರದಿ ಅಲ್ಲಿಗೆ ಮುಗಿಯಿತು.
‘ಹೌದು ಮಾವ.’
‘ಮತ್ತ ಬ್ಯಾರೆ ಬೆಡಗಿನ ಗಂಡು ಎಲ್ಲೈತಿ?’
‘ರಾಜಸ್ಥಾನದಾಗ.’
ಅವನು ಬಡಗಣಕ್ಕೆ ನೋಡಿದ. ಹೈಟೆನ್ಶನ್ ಕಂಬಗಳು
ಒಂದರ ಹೆಗಲಿಗೊಂದು ಕೈಯಿಟ್ಟು ಹೋಗುತ್ತಿದ್ದವು.
‘ಅಲ್ಲೀತನ ತಂತಿ ಎಷ್ಟು ಅಡ್ಡ ಬರ್ತಾವ?’

ಆ ಲೆಕ್ಕ ನಾವು ಹಾಕಿರಲಿಲ್ಲ.

ಮೊಬೈಲಿನಲ್ಲಿ ಕಡತ ತೆರೆದು ತೋರಿಸಿದೆ.
ಯಂತ್ರಕ್ಕೆ ಓದಲಾಗದ ಕಡೆಯೆಲ್ಲ
‘ಎನ್’ ಎಂದು ಹಾಕಿರುತ್ತೇವೆ, ಸಾಲುಸಾಲು.
ತಿಕ್ಕಯ್ಯ ಬೆರಳಿಟ್ಟು ತನ್ನ ಬಾಯಿಗೆ ಬಂದಂತೆ ಓದಿದ:
ಏನ್? ಏನ್? ಏನ್? ಏನ್?

ಆ ರಾತ್ರಿ ಹೊಲದಲ್ಲೇ ಉಳಿದೆ.
ನಸುಕಿಗೆ ತಿಕ್ಕಯ್ಯ ಎಬ್ಬಿಸಿ, ‘ಕೇಳು,
ಗಂಡು ಕೂಗ್ತೈತಿ, ಹೂಂ ಅಂತ’ ಎಂದ.
ಕಿವಿಯಿಟ್ಟೆ. ಏನೋ ಇತ್ತು,
ದೂರದಲ್ಲಿ, ತಗ್ಗಿದ ದನಿಯಲ್ಲಿ.
ಯಾರದೋ ಪಂಪ್‌ಸೆಟ್ಟೂ ಇರಬಹುದು.