ಎರಡು ಸಾವಿರ ಮೀಟರಿನ ಮೇಲೆ

ಜಿನೀವಾದಿಂದ ಬಂದ ಕಡತದ ಮೊದಲ ಪುಟದಲ್ಲೇ ಇದೆ:
'ಈ ಮಾನಕ ಅನ್ವಯಿಸುವುದು
ಸಮುದ್ರಮಟ್ಟದಿಂದ ಎರಡು ಸಾವಿರ ಮೀಟರಿನವರೆಗೆ.'

ಸೆನೋಬಿಯಾ ತಿಕೋನಾ ಪೆನ್ಸಿಲು ಕೆಳಗಿಟ್ಟಳು.
ಲಾ ಪಾಸಿನ ಕಿಟಕಿಯಾಚೆ, ಇನ್ನೂ ಮೇಲೆ,
ಎಲ್ ಆಲ್ತೊ: ನಾಲ್ಕು ಸಾವಿರದ ನೂರು.
ಅಂದರೆ ಅಮ್ಮ ಅನ್ವಯಿಸುವುದಿಲ್ಲ.
ಅಮ್ಮನ ಸ್ವಿಚ್ಚು, ತಂತಿ, ತಗಡಿನ ಮಾಡು,
ಕೇಬಲ್ ಕಾರಿನಲ್ಲಿ ತೂಕಡಿಸುತ್ತ ಇಳಿದುಬಂದ ಈ ಬೆಳಗು
ಯಾವುದೂ ಅನ್ವಯಿಸುವುದಿಲ್ಲ.

ನೀರು ನೂರು ಡಿಗ್ರಿ ಮುಟ್ಟತಕ್ಕದ್ದು, ಎನ್ನುತ್ತದೆ ಏಳನೆಯ ಖಂಡ.
ಇಲ್ಲಿಯ ನೀರಿಗೆ ಅಷ್ಟು ತಾಳ್ಮೆಯಿಲ್ಲ,
ಎಂಬತ್ತಾರಕ್ಕೇ ಕುದ್ದು ಮುಗಿಸುತ್ತದೆ;
ಕೆಟಲು ಮಾತ್ರ ಬಾರದ ನೂರಕ್ಕೆ
ಕಾದು ಕಾದು ತಳ ಸೀಯಿಸಿಕೊಳ್ಳುತ್ತದೆ.

ತೆಳುಗಾಳಿಯಲ್ಲಿ ಕಿಡಿಗೂ ಕಾಲು ಉದ್ದ.
ಎರಡು ತಂತಿಗಳ ನಡುವೆ ಅಲ್ಲಿ ಮೂರು ಮಿಲಿಮೀಟರು ಸಾಕು,
ಇಲ್ಲಿ ನಾಲ್ಕು ಬೇಕು.

"ನಾಲ್ಕು ಅಂದರೆ ಹೊರಗಿನ ಸಾಮಾನು ಬಂದರಿನಲ್ಲೇ ಕೊಳೆಯುತ್ತೆ,"
ಎಂದ ಎಲೆಯುತೇರಿಯೊ, ಆಮದುಗಾರರ ಪರ.
"'ಅಪೇಕ್ಷಣೀಯ' ಅನ್ನೋಣ."
ಅವಳು ಅವನ ಲೋಟ ನೋಡಿದಳು.
ಎಲೆ ಇನ್ನೂ ಮೇಲೇ ತೇಲುತ್ತಿದೆ, ಬಣ್ಣ ಬಿಟ್ಟಿಲ್ಲ.

ಮೂರು ಮಂಗಳವಾರ ಒಂದೇ ಪದಕ್ಕೆ ಜಗಳ.
ನಾಲ್ಕನೆಯದರಂದು ರಸ್ತೆ ತಡೆ, ಕೋರಂ ಇಲ್ಲ.

ಕೊನೆಗೆ ಅನುಬಂಧ ಬಿ, ಹನ್ನೊಂದು ಸಾಲು.
ಮೂಲದ ಒಂದಕ್ಷರ ಅಳಿಸಿಲ್ಲ,
ಪಕ್ಕದಲ್ಲಿ ಕುಳಿತು ಕೆಮ್ಮಿದ್ದಾಳೆ, ಅಷ್ಟೆ:
'ಈ ದೇಶದಲ್ಲಿ ನಾಲ್ಕು ಇರತಕ್ಕದ್ದು.'

ರಾತ್ರಿ ಅಮ್ಮ ಆಲೂಗಡ್ಡೆ ಇಟ್ಟಿದ್ದಳು.
"ಬೆಂತಾ?"
"ಎಲ್ಲಿ! ಇನ್ನೂ ಒಂದು ಗಂಟೆ," ಎಂದಳು,
ಮುಚ್ಚಳದ ಮೇಲೆ
ಇನ್ನೊಂದು ಕಲ್ಲು ಹೇರುತ್ತ.