ಎದ್ದ ಜಾಗ

ಚುನಾವಣೆ ಡ್ಯೂಟಿಗೆ ಸ್ವಂತ ಊರು ಹಾಕುವುದಿಲ್ಲ.
ಯಾರದೋ ಕೈತಪ್ಪಿಗೆ, ಪಟ್ಟಿಯಲ್ಲಿ ನನ್ನ ಹೆಸರಿನ ಮುಂದೆ
ಪಾಂಡವಪುರ, ಹೈಸ್ಕೂಲು, ಬಲಗಡೆ ಕೊಠಡಿ ಅಂತ ಬಂದಿತ್ತು.
ನಾನೂ ಬಾಯಿ ಬಿಡಲಿಲ್ಲ.

ಮತಯಂತ್ರ ಒಳಗೆ ಸೀಲಾಗಿ ಮಲಗಿದೆ.
ಬಾಗಿಲಿಗೆ ಕುರ್ಚಿ ಹಾಕಿಕೊಂಡು ನಾನು,
ಮಡಿಲಲ್ಲಿ ಟೋಪಿ, ಎದುರಿಗೆ ಮೈದಾನ.
ಖೋ-ಖೋ ಕಂಬ ಎರಡೂ ಇಲ್ಲ. ಒಂದರ ಗುಂಡಿ ಇದೆ,
ಅದರೊಳಗೆ ಯಾರೋ ಬಾಳೆಹಣ್ಣಿನ ಸಿಪ್ಪೆ ಎಸೆದಿದ್ದಾರೆ.

ಇಲ್ಲಿ ನಾವು ಒಂಬತ್ತು ಜನ.
ಕುಳ್ಳಿ ಚಿಕ್ಕತಾಯಿ, ಟೈಲರ್ ಬಾಬಾಜಾನರ ಮಗಳು ನಸೀಮಾ,
ಕನ್ನಡಕಕ್ಕೆ ಲಾಡಿ ಕಟ್ಟಿಕೊಂಡು ಓಡುತ್ತಿದ್ದ ಪದ್ಮಿನಿ,
ಶಿವಲಿಂಗಿ, ನಾನು.
ಉಳಿದವರ ಮುಖವಿದೆ, ಹೆಸರು ಬರುತ್ತಿಲ್ಲ.
ಚಡ್ಡಿ ಅಂದರೆ ಯಾರ ಮನೆಯಲ್ಲೂ ಒಪ್ಪಲಿಲ್ಲ.
ಬಾಬಾಜಾನರು ಹಳೇ ಪರದೆ ಬಟ್ಟೆಯಲ್ಲಿ
ಒಂಬತ್ತು ಪೈಜಾಮ ಹೊಲಿದುಕೊಟ್ಟರು:
ತೊಡೆಯ ಮೇಲೆ ನವಿಲು, ಮೊಣಕಾಲಿಗೆ ಅದರ ಬಾಲ.
ತಾಲ್ಲೂಕಿನಲ್ಲೆಲ್ಲ ನಮಗೆ ನವಿಲು ಟೀಮು ಅಂತಲೇ ಹೆಸರು.

ಕಬ್ಬು ಅರೆಯುವ ಕಾಲ ಬಂತೆಂದರೆ
ಕಾರ್ಖಾನೆ ಚಿಮಣಿಯಿಂದ ಮಸಿ ಉದುರುತ್ತಿತ್ತು
ಸುಣ್ಣದ ಗೆರೆ ಮೇಲೆ, ನಮ್ಮ ಬೈತಲೆ ಮೇಲೆ.
ಕಾಕಂಬಿ ವಾಸನೆಗೆ ಹೊರಗಿನ ಟೀಮಿನವರು
ಮೂಗು ಮುಚ್ಚಿಕೊಂಡರೆ, ನಮಗದೇ ಅರ್ಧ ಗೆಲುವು.

ಪುಟ್ಟಮಾದಯ್ಯ ಮೇಷ್ಟ್ರಿಗೆ ಸೀಟಿ ಇರಲಿಲ್ಲ.
ಇತ್ತು, ಒಳಗಿನ ಗುಂಡು ಕಳೆದಿತ್ತು.
ನಾಲಗೆ ಮಡಿಸಿ ಊದುತ್ತಿದ್ದರು,
ನಾಲೆ ಏರಿಯ ದನ ತಿರುಗಿ ನೋಡುವ ಹಾಗೆ.
"ಬೆನ್ ಮ್ಯಾಲೆ ಕೈ ಬೀಳೋ ಗಂಟ ಏಳ್ಬ್ಯಾಡ ಕಣಮ್ಮಿ.
ಬಿದ್ ಮ್ಯಾಲೆ ಕೂರ್ಬ್ಯಾಡ."
ಕಲಿಸಿದ್ದು ಇಷ್ಟೇ. ಉಳಿದದ್ದು ಕಡಲೆಕಾಯಿ, ಬೆಲ್ಲ,
ಅವರ ಸಂಬಳದ್ದು.

ಮಂಡ್ಯದಲ್ಲಿ ಫೈನಲ್ಲು, ನಾಗಮಂಗಲದವರ ಮೇಲೆ.
ಬೇಕಾದದ್ದು ಒಂದು ಪಾಯಿಂಟು, ಇದ್ದದ್ದು ಅರ್ಧ ನಿಮಿಷ.
ಅವರ ಕೊನೆಯ ಹುಡುಗಿ ನನ್ನ ಮುಂದೆಯೇ,
ಕೈ ಚಾಚಿದರೆ ಜಡೆ ಸಿಗುವಷ್ಟು ಹತ್ತಿರ.
ಹಿಂದೆ ಶಿವಲಿಂಗಿಯ ಉಸಿರು.
ಖೋ ಇನ್ನೂ ಅವಳ ಗಂಟಲಲ್ಲಿ,
ಅಂಗೈ ಇನ್ನೂ ಗಾಳಿಯಲ್ಲಿ.
ನಾನು ಎದ್ದುಬಿಟ್ಟೆ.

ಫೌಲ್.

ರಾತ್ರಿ ಕಬ್ಬಿನ ಲಾರಿ ಹತ್ತಿ ವಾಪಸ್ಸು ಬಂದೆವು.
ಯಾರೂ ಬೈಯಲಿಲ್ಲ, ಅದೇ ಉರಿ.
"ಗೆದ್ರೇನ್ರವ್ವಾ?" ಅಂದ ಡ್ರೈವರಿಗೆ
"ಗೆದ್ದಂಗೇಯ ಬುಡಣ್ಣ" ಅಂದಳು ಶಿವಲಿಂಗಿ,
ಜಲ್ಲೆ ಮುರಿದು ನನ್ನ ಕೈಗೆ ಕೊಡುತ್ತ.
ಗೆದ್ದರೆ ಮಸಾಲೆ ದೋಸೆ ಎಂದಿದ್ದ ಹೋಟೆಲಿನ ಅನಂತಯ್ಯ
ಹತ್ತೂವರೆಯಾದರೂ ಹಂಚು ಆರಿಸಿರಲಿಲ್ಲ.
ಸೋತ ಸುದ್ದಿ ಅವರಿಗೆ ಆಗಲೇ ಮುಟ್ಟಿತ್ತು.
"ಸೋತೋರಿಗೆ ಹಸಿವು ಜಾಸ್ತಿ, ಕೂತ್ಕೊಳಿ" ಅಂದರು.
ಆ ಪಲ್ಯದ ಉಪ್ಪು ಇವತ್ತಿಗೂ ನಾಲಗೆ ಮೇಲಿದೆ.
ಪಲ್ಯದ್ದೋ, ಕಣ್ಣಿನದೋ.

ಆಮೇಲೆ ಮೈಸೂರಿನಲ್ಲಿ ಪೊಲೀಸು ಭರ್ತಿ, ನಾನೂರು ಮೀಟರ್.
ಕಾಲಿಗೆ ನಸೀಮಾಳ ಬೂಟು, ತುದಿಗೆ ಹತ್ತಿ ತುರುಕಿ.
ಬಸ್ ಚಾರ್ಜು ಶಿವಲಿಂಗಿಯ ಹಾಲಿನ ದುಡ್ಡು,
ಕೊಟ್ಟವಳು ಬಸ್ಸಿನ ಮೆಟ್ಟಿಲಲ್ಲಿ ನನ್ನ ಬೆನ್ನಿಗೊಂದು ಬಿಟ್ಟಳು.
ಅಲ್ಲಿಂದ ಓಡಿದವಳು, ತಿರುಗಿ ನೋಡಿದ್ದು ಕಡಿಮೆ.

ಆಟದಲ್ಲಿ ಒಂದು ನಿಯಮವಿದೆ. ನೋಡುವವರಿಗೆ ಅದು ಕಾಣುವುದಿಲ್ಲ,
ಎಲ್ಲರ ಕಣ್ಣೂ ಓಡುವವಳ ಮೇಲೆ:
ಎಬ್ಬಿಸಿದವಳು, ಎದ್ದವಳ ಜಾಗದಲ್ಲಿ ಕೂರಬೇಕು.

ಹದಿನೆಂಟು ವರ್ಷದಿಂದ ಶಿವಲಿಂಗಿ
ಈ ಸ್ಕೂಲಿನಲ್ಲೇ ಬಿಸಿಯೂಟ ಬೇಯಿಸುತ್ತಾಳೆ.
ಇವತ್ತು ಬೂತಿನವರಿಗೂ ಅವಳದೇ ಅಡುಗೆ.
ಮೈದಾನ ನೋಡುತ್ತ ಕೂತವಳ ಬೆನ್ನಿಗೆ
ಒದ್ದೆ ಅಂಗೈ ಬಿತ್ತು.
"ಏಳಮ್ಮಿ, ಸಾರು ಆರೋಯ್ತದೆ."

ಈ ಸಲ ಕೈ ಬಿದ್ದ ಮೇಲೇ ಎದ್ದೆ.
ಏನೋ ಹೇಳಬೇಕೆಂದು ನಿಂತೆ.
"ಉಣ್ಣೋಗು, ನಾ ಕಾಯ್ತೀನಿ" ಅಂದು
ನನ್ನ ಕುರ್ಚಿಯಲ್ಲಿ ಕೂತಳು,
ಟೋಪಿ ತನ್ನ ಮಡಿಲಿಗೆ ಎಳೆದುಕೊಂಡು.

ನಿಯಮದ ಪ್ರಕಾರ ಇದೂ ಫೌಲು.
ಊದಲಿಕ್ಕೆ ಯಾರೂ ಇರಲಿಲ್ಲ.